ಅಣ್ಣನ ಅಂಕಿ

ಪೋಸ್ಟ್‌ಮಾಸ್ಟರರ ಕೆಳದವಡೆಯನ್ನು ಅಂಗೈ ಮೇಲಿಟ್ಟುಕೊಂಡು ಉಜ್ಜುಕಾಗದದಿಂದ ಅದರ ಅಂಚು ತೀಡುತ್ತಿದ್ದಾಗ ಅಣ್ಣನ ಫೋನು ಬಂತು. ದವಡೆ ಎಂದರೆ ಪ್ಲಾಸ್ಟರಿನ ಅಚ್ಚು. ಹಲ್ಲುಗಳೆಲ್ಲ ಹೋಗಿ ಒಸಡಿನ ಏಣು ಮಾತ್ರ ಉಳಿದ ಹಳದಿ ತುಂಡು. ತಮ್ಮನ ಮೇಜಿನ ಮೇಲೆ ಇಂಥ ಬಾಯಿಗಳು ಸಾಲಾಗಿ ಕೂತಿರುತ್ತವೆ. ಡಾಕ್ಟರುಗಳು ಅಳತೆ ತೆಗೆದು ಕಳಿಸುತ್ತಾರೆ, ಈ ಲ್ಯಾಬಿನಲ್ಲಿ ಅವನು ಹಲ್ಲು ಕಟ್ಟುತ್ತಾನೆ. ಅಳತೆಯ ಗುಲಾಬಿ ಮುದ್ದೆಯಲ್ಲಿ ಒಮ್ಮೊಮ್ಮೆ ಯಾರದೋ ಬೆಳಗಿನ ತಿಂಡಿಯ ಚೂರು, ಒಂದು ನರೆತ ಮೀಸೆಕೂದಲು ಅಂಟಿಕೊಂಡು ಬರುತ್ತದೆ. ಇಷ್ಟು ವರ್ಷ ಅದನ್ನು ಚಿಮಟದಲ್ಲಿ ಕಿತ್ತೆಸೆದು, ಕೈತೊಳೆದು, ಅದೇ ಕೈಯಲ್ಲಿ ಊಟ ಮಾಡಿಕೊಂಡು ಹಾಯಾಗಿದ್ದವನಿಗೆ ಈಚೆಗೆ ಅದನ್ನು ಕಂಡರೆ ಊಟ ಸೇರುತ್ತಿರಲಿಲ್ಲ. ಹೇಸಿಗೆ ಆ ಬಾಯಿಗಳ ಮೇಲೋ ತನ್ನ ಕೈಯ ಮೇಲೋ ಎಂದು ಅವನು ಯೋಚಿಸಲು ಹೋಗಿರಲಿಲ್ಲ.

“ಲೋ, ಸಂಜೆ ಬೇಗ ಬಾ,” ಅಂದ ಅಣ್ಣ. ದನಿ ಕುಣಿಯುತ್ತಿತ್ತು. “ನಿಮ್ಮತ್ತಿಗೆ ಕತ್ತಿ ಕೊಟ್ಟಳು.”

“ಯಾವ ಕತ್ತಿ?” ಗೊತ್ತಿದ್ದೂ ಕೇಳಿದ.

“ಯಾವ ಕತ್ತಿ ಅಂತಾನಲ್ಲಪ್ಪ ಇವನು! ನನ್ನ ಕತ್ತಿ ಕಣೋ. ಬೀರುವಿನಲ್ಲಿ ಹಳೇ ಬಟ್ಟೆ ಮಧ್ಯೆ ಸುತ್ತಿಟ್ಟಿದ್ಳು. ಆಟದಲ್ಲಿ ಹಳೇ ಅಂಕಿ ಮುಟ್ಟಿದ್ರೆ ಕೊಡ್ತೀನಿ ಅಂದಿದ್ಳಲ್ಲ, ನಿನ್ನೆ ಮುಟ್ಟಾಯ್ತು. ಮಾತು ಅಂದ್ಮೇಲೆ ಮಾತು. ಮೊದಲನೇ ಗಿರಾಕಿ ನೀನೇ. ಗಡ್ಡ ಕೆರ್ಕೊಂಡು ಬಂದೀಯ ಮತ್ತೆ, ಹಾಗೇ ಬಾ.”

“ಇವತ್ತೇ ಯಾಕಣ್ಣ? ಒಂದು ಸಲ ಡಾಕ್ಟರಿಗೆ ತೋರಿಸಿ ಆಮೇಲೆ...”

“ಡಾಕ್ಟರಿಗೇನು ಗೊತ್ತು? ಬೆರಳು ಮಡಚು, ಬೆರಳು ಬಿಚ್ಚು ಅಂತಾನೆ, ಅಷ್ಟೇ. ಎಲ್ಲೆಲ್ಲಿಯವರ ಎದುರೋ ಆಡಿ ಗೆದ್ದು ಬಂದಿದೀನಿ, ಅದಕ್ಕಿಂತ ಪರೀಕ್ಷೆ ಬೇಕಾ ನಿನಗೆ?”

ಬೇಕು ಅನ್ನಬೇಕಾದಲ್ಲಿ, “ಬರ್ತೀನಿ ಬಿಡು,” ಅಂದ. ಫೋನಿಟ್ಟು ನೋಡಿದರೆ ದವಡೆಯ ಅಂಚು ಬೇಕಾದ್ದಕ್ಕಿಂತ ಹೆಚ್ಚು ಸವೆದುಹೋಗಿತ್ತು. ಮತ್ತೆ ಅಳತೆ ತರಿಸಬೇಕು, ಮತ್ತೆ ಅಚ್ಚು ಹಾಕಬೇಕು. ಪಾಪ, ಪೋಸ್ಟ್‌ಮಾಸ್ಟರರು ಇನ್ನೊಂದು ವಾರ ಬರಿಬಾಯಲ್ಲೇ ಇರಬೇಕು.

ಅಣ್ಣನದು ಎರಡು ಕುರ್ಚಿಯ ಸಲೂನು, ಅಪ್ಪ ಬಿಟ್ಟುಹೋದದ್ದು. ಒಂದು ದೊಡ್ಡವನಿಗೆ, ಒಂದು ಚಿಕ್ಕವನಿಗೆ ಎಂದು ಅಪ್ಪ ಹಾಕಿಸಿದ್ದ; ತಮ್ಮ, ಗಲ್ಲದ ಹೊರಗಿನ ಕೆಲಸ ಬಿಟ್ಟು ಗಲ್ಲದ ಒಳಗಿನ ಕೆಲಸ ಹಿಡಿದ ಎಂದು ಅಣ್ಣ ಗಿರಾಕಿಗಳೆದುರು ತಮಾಷೆ ಮಾಡುತ್ತಿದ್ದ. ಎರಡನೇ ಕುರ್ಚಿಯ ಮೇಲೆ ಈಗ ಹಳೇ ಪತ್ರಿಕೆಗಳ ರಾಶಿ. ಅಣ್ಣನ ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನಿದ್ದಾಗ ತಮ್ಮಷ್ಟಕ್ಕೆ ತಾವೇ ಒಂದನ್ನೊಂದು ಹೊಸೆಯತೊಡಗಿದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮೊದಲು ಕಂಡವಳು ಅತ್ತಿಗೆ. ಲೋಟದಲ್ಲಿ ಚಮಚ ಕಿಣಿಕಿಣಿ ಅನ್ನುವುದನ್ನು ಕೇಳಿ, ‘ಸಕ್ಕರೆ ಕರಗಿ ಎಷ್ಟೊತ್ತಾಯ್ತು, ಇನ್ನೂ ಕದಡ್ತಾನೇ ಇದೀರಲ್ಲ’ ಅಂದಿದ್ದಳಂತೆ. ಕೈ ಓಡುತ್ತಿರುವಷ್ಟು ಹೊತ್ತು ಸರಿಯಾಗಿಯೇ ಇರುತ್ತದೆ. ಎಲ್ಲಾದರೂ ನಿಂತಿತೋ, ನಡುಕ ಶುರು. ಒಂದು ದಿನ ಯಾರದೋ ಕಿವಿಯ ಕೆಳಗೆ ಕತ್ತಿ ನಿಂತಿತು. ಆ ಮನುಷ್ಯ ಕರವಸ್ತ್ರ ಒತ್ತಿಕೊಂಡು, ‘ಪರವಾಗಿಲ್ಲ ಬಿಡಿ’ ಎಂದು ಹೇಳಿ ಹೋದವನು ಮತ್ತೆ ಆ ಬೀದಿಯಲ್ಲೇ ಸುಳಿಯಲಿಲ್ಲ. ಅವತ್ತೇ ಅತ್ತಿಗೆ ಕತ್ತಿಯನ್ನು ಎತ್ತಿಟ್ಟಳು. ಅಣ್ಣ ಮಷೀನಿನಲ್ಲಿ ತಲೆ ಮಾತ್ರ ಮಾಡುತ್ತ, ಗಡ್ಡಕ್ಕೆ ಬಂದವರಿಗೆ ‘ಬ್ಲೇಡು ಮುಗಿದಿದೆ ಸಾರ್’ ಎಂದು ಸುಳ್ಳು ಹೇಳುತ್ತ ದಿನ ತಳ್ಳಿದ. ಕತ್ತಿ ಕೊಡು ಕೊಡು ಎಂದು ಅವನು ಪೀಡಿಸಿದ್ದು ತಾಳಲಾರದೆ ಅತ್ತಿಗೆ ಒಮ್ಮೆ, ‘ಆ ನಿಮ್ಮ ಆಟದಲ್ಲಿ ಹಳೇ ಜಾಗಕ್ಕೆ ವಾಪಸ್ ಬನ್ನಿ, ನಾನೇ ಕೈಗೆ ಕೊಡ್ತೀನಿ’ ಅಂದುಬಿಟ್ಟಿದ್ದಳು. ಆಗಿಹೋಗುವ ಮಾತಲ್ಲ ಎಂಬ ಧೈರ್ಯದಿಂದ ಅಂದದ್ದು.

ಆಟ ಅಂಥ ಘನಂದಾರಿಯದೇನಲ್ಲ. ಐದು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ, ನಡುವೆ ಒಂದು ಹಾಳು ಕೋಟೆ. ಕಂಪ್ಯೂಟರಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಮುಖ ಕಾಣದವರ ಜೊತೆ ಸೇರಿ ಮುಖ ಕಾಣದವರನ್ನು ಕೊಲ್ಲುವುದು. ಅಣ್ಣನೇ ತಮ್ಮನಿಗೆ ಕಲಿಸಿದ್ದು. ಅಣ್ಣ ಗುರಿಗಾರ, ದೂರದ ಬುರುಜಿನ ಮೇಲೆ ಮಲಗಿ ಒಂದೇ ಗುಂಡಿನಲ್ಲಿ ಮುಗಿಸುವವನು. ‘ಕೆನ್ನೆ ಎಳೆದು ಹಿಡಿಯೋ ಹಾಗೆ ಉಸಿರನ್ನೂ ಎಳೆದು ಹಿಡೀಬೇಕು ಕಣೋ’ ಅನ್ನುತ್ತಿದ್ದ. ಆಡುವ ಪ್ರತಿಯೊಬ್ಬನ ಹೆಸರಿನ ಪಕ್ಕ ಒಂದು ಅಂಕಿ. ಅದು ಬಹುಮಾನ ಎಂದು ಅಣ್ಣ ತಿಳಿದಿದ್ದ, ಬಹಳ ಜನ ಹಾಗೇ ತಿಳಿದಿರುತ್ತಾರೆ. ಅಸಲಿಗೆ ಅದೊಂದು ಅಂದಾಜು: ಇವನನ್ನು ಯಾರ ಎದುರು ನಿಲ್ಲಿಸಿದರೆ ಅರ್ಧ ಗೆದ್ದು ಅರ್ಧ ಸೋಲುತ್ತಾನೆ ಎಂಬ ಅಂದಾಜು. ನಿನಗಿಂತ ಮೇಲಿನವನನ್ನು ಹೊಡೆದರೆ ಯಂತ್ರ ತನ್ನ ಅಂದಾಜೇ ತಪ್ಪು ಅಂದುಕೊಂಡು ಅಂಕಿಯನ್ನು ಜೋರಾಗಿ ಏರಿಸುತ್ತದೆ. ಕೆಳಗಿನವನನ್ನು ಹೊಡೆದರೆ ಗೊತ್ತಿದ್ದದ್ದೇ ಎಂದು ಚಿಟಿಕೆಯಷ್ಟು ಕೊಡುತ್ತದೆ. ಬಿಡದೆ ಆಡುತ್ತ ಬಂದವನ ಬಗ್ಗೆ ಅದಕ್ಕೆ ಗಟ್ಟಿ ನಂಬಿಕೆ, ಅವನ ಅಂಕಿ ಸುಲಭಕ್ಕೆ ಅಲುಗುವುದಿಲ್ಲ. ತಿಂಗಳುಗಟ್ಟಲೆ ಕಾಣೆಯಾಗಿ ಬಂದವನ ಬಗ್ಗೆ ಅನುಮಾನ; ಅವನನ್ನು ನಾಲ್ಕೇ ಆಟದಲ್ಲಿ ಪಾತಾಳಕ್ಕೂ ತಳ್ಳುತ್ತದೆ, ಆಕಾಶಕ್ಕೂ ಎತ್ತುತ್ತದೆ. ಐವರಲ್ಲಿ ಯಾರು ದುಡಿದರು, ಯಾರು ಸುಮ್ಮನೆ ನಿಂತಿದ್ದರು ಎಂದು ನೋಡುವ ಗೋಜಿಗೇ ಹೋಗುವುದಿಲ್ಲ. ಯಾವ ಪಕ್ಷ ಗೆದ್ದಿತು? ಅದಕ್ಕೆ ಅಷ್ಟು ಸಾಕು. ಇದೆಲ್ಲ ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅಣ್ಣನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ಕಾಯಿಲೆಯ ಹೊಸದರಲ್ಲಿ ಅಣ್ಣ ಆಟವನ್ನೂ ಬಿಟ್ಟಿದ್ದ. ವಾಪಸ್ ಬಂದು ಒಬ್ಬನೇ ಆಡಿದ, ಸೋತ, ಮತ್ತೆ ಆಡಿದ, ಮತ್ತೆ ಸೋತ. ಅಂಕಿ ಮೆಟ್ಟಿಲಿನಿಂದ ಬಿದ್ದ ಪಾತ್ರೆಯ ಹಾಗೆ ಉರುಳಿ ತಳ ಸೇರಿತು. ಒಂದು ಸಂಜೆ ಇಬ್ಬರೂ ಜೊತೆಗೆ ಆಡೋಣವೆಂದು ಕೂತಾಗ ಪರದೆಯ ಮೇಲೆ ಕೆಂಪು ಪಟ್ಟಿ ಮೂಡಿತು: ನಿಮ್ಮಿಬ್ಬರ ಅಂತರ ಹೆಚ್ಚಾಗಿದೆ, ಜೋಡಿಯಾಗಿ ಆಡುವಂತಿಲ್ಲ. ಅಣ್ಣ ನಕ್ಕ. “ನೋಡೋ, ನಿನ್ನ ಪಕ್ಕ ಕೂರೋ ಯೋಗ್ಯತೆ ಇಲ್ವಂತೆ ನನಗೆ,” ಎಂದು ನಗುತ್ತಲೇ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡ. ಬೀದಿಯ ಹುಡುಗರು ಸಣ್ಣವನು ಬೇಡ ಎಂದು ಚೆಂಡಾಟಕ್ಕೆ ಸೇರಿಸಿಕೊಳ್ಳದಿದ್ದಾಗ, ‘ಅವನಿಲ್ದಿದ್ರೆ ನಾನೂ ಇಲ್ಲ’ ಎಂದು ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಬಿಡುತ್ತಿದ್ದ ಇದೇ ಅಣ್ಣ; ಹಿಂದೆ ಹಿಂದೆ ಮೂಗೊರೆಸಿಕೊಂಡು ಓಡುತ್ತಿದ್ದ ತಾನು. ಆ ಕೆಂಪು ಪಟ್ಟಿಯನ್ನು ಕೆರೆದು ತೆಗೆಯಬೇಕು ಅನ್ನಿಸಿತ್ತು ಅವನಿಗೆ. ಅಂತರ ಕಡಿಮೆಯಾಗಲು ಇದ್ದದ್ದು ಎರಡೇ ದಾರಿ: ಅಣ್ಣ ಏರಬೇಕು, ಇಲ್ಲ ತಾನು ಇಳಿಯಬೇಕು. ಮಾರನೆಯ ಮಧ್ಯಾಹ್ನದಿಂದ ಅವನು ಸೋಲತೊಡಗಿದ.

ಲ್ಯಾಬಿನ ಹಿಂದಿನ ಕೋಣೆಯಲ್ಲಿ, ಪ್ಲಾಸ್ಟರಿನ ಚೀಲಗಳ ನಡುವೆ, ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪು ತೆರೆಯುತ್ತಿದ್ದ. ಸೋಲುವುದು ಅಂದುಕೊಂಡಷ್ಟು ಸುಲಭವಲ್ಲ. ಸುಮ್ಮನೆ ನಿಂತರೆ ಜೊತೆಯವರು ದೂರು ಕೊಡುತ್ತಾರೆ, ಆಟದಿಂದಲೇ ಹೊರಹಾಕಿಸುತ್ತಾರೆ. ಆದ್ದರಿಂದ ಓಡಬೇಕು, ಗುಂಡು ಹಾರಿಸಬೇಕು, ಪಾಡುಪಡುವವನ ಹಾಗೆ ಕಾಣಬೇಕು. ಬಾಗಿಲ ಬಳಿ ಅರೆಕ್ಷಣ ತಡಮಾಡಬೇಕು, ಗುರಿಯನ್ನು ಎದುರಾಳಿಯ ಭುಜದಿಂದ ಕೂದಲೆಳೆಯಷ್ಟು ಆಚೆ ಇಡಬೇಕು. ಹಲ್ಲಿನ ಏಣನ್ನು ಕೂದಲೆಳೆಯಷ್ಟು ತೀಡಿ ಪಳಗಿದ ಕೈಗೆ ಈ ವಿದ್ಯೆ ಬೇಗ ಒಲಿಯಿತು. ಯಂತ್ರಕ್ಕೆ ಅವನ ಮೇಲೆ ವರ್ಷಗಳ ನಂಬಿಕೆ. ಅದು ಒಲ್ಲದ ಮನಸ್ಸಿನಿಂದ ಒಂದೊಂದೇ ಮೆಟ್ಟಿಲು ಇಳಿಸುತ್ತ ಹೋಯಿತು. ಜೊತೆಯ ನಾಲ್ವರು ಕಿವಿಯಲ್ಲೇ ಉಗಿಯುತ್ತಿದ್ದರು. ‘ಕಣ್ಣು ಮನೇಲಿಟ್ಟು ಬಂದಿದೀಯಾ?’ ‘ಎಲ್ಲಿ ಗಂಟುಬಿದ್ದನಪ್ಪ ಈ ಶನಿ!’ ಮೊದಮೊದಲು ಚುಚ್ಚುತ್ತಿತ್ತು. ಆಮೇಲಾಮೇಲೆ, ಥೂ, ಅದರಲ್ಲೂ ಒಂದು ರುಚಿ ಹತ್ತಿತು. ಇವರೆಲ್ಲ ಬೆವರು ಸುರಿಸಿ ಆಡುತ್ತಿದ್ದಾರೆ, ಇವರ ಗೆಲುವು ಸೋಲು ನನ್ನ ಬೆರಳ ತುದಿಯಲ್ಲಿದೆ, ಅದು ಇವರಿಗೆ ಗೊತ್ತೂ ಇಲ್ಲ ಎಂಬ ಕೊಳಕು ಸುಖ. ಅಣ್ಣನಿಗಾಗಿ ತಾನೆ ಎಂದು ತನಗೆ ತಾನೇ ಹೇಳಿಕೊಂಡು, ಕೈತೊಳೆದು, ಮತ್ತೆ ಹಲ್ಲು ಕಟ್ಟಲು ಕೂರುತ್ತಿದ್ದ.

ಸಂಜೆ ಸಲೂನಿನ ಹಿಂದಿನ ಕೋಣೆಯಲ್ಲಿ ಅಣ್ಣನೊಂದಿಗೆ, ಬೆನ್ನಿಗೆ ಬೆನ್ನು ಕೊಟ್ಟು. ಅಲ್ಲಿ ಅವನು ತನ್ನ ನಿಜವಾದ ಆಟ ಆಡಬಹುದಿತ್ತು; ಅವನ ನಿಜವಾದ ಆಟಕ್ಕೆ ಆ ಕೆಳಮಟ್ಟದಲ್ಲಿ ಎದುರು ನಿಲ್ಲುವವರೇ ಇರಲಿಲ್ಲ. ಆದರೆ ಗೆಲ್ಲಿಸಿದ್ದು ತಾನೆಂದು ಅಣ್ಣನಿಗೆ ಕಾಣಬಾರದು. ಎದುರಾಳಿಯನ್ನು ಗೋಡೆಗೆ ಒತ್ತರಿಸಿ, ಹೊಡೆದು, ಗುಟುಕು ಜೀವ ಉಳಿಸಿ, ಬುರುಜಿನ ಕೆಳಗೆ ಅಣ್ಣನ ಕಣ್ಣೆದುರಿಗೆ ಅಟ್ಟಿಕೊಂಡು ಬರುತ್ತಿದ್ದ. ಅಂಥವನಿಗೆ ಎಲ್ಲಿ ತಾಗಿದರೂ ಆಯಿತು. ನಡುಗುವ ಗುಂಡು ಕಾಲ್ಬೆರಳಿಗೆ ತಾಗಿದರೂ ಸತ್ತ. “ಬಿತ್ತು ನೋಡೋ!” ಎಂದು ಅಣ್ಣ ಕಿರುಚುತ್ತಿದ್ದ. ಅಗಿದ ತುತ್ತನ್ನು ತೆಗೆದು ಇನ್ನೊಬ್ಬರ ಬಾಯಿಗೆ ಹಾಕಿದ ಹಾಗೆ ತಮ್ಮನ ಮೈಯೆಲ್ಲ ಮುದುಡುತ್ತಿತ್ತು. ಆದರೆ ಆ ಕಿರುಚಾಟಕ್ಕೆ ಸಲೂನಿಗೆ ಅಂಟಿಕೊಂಡ ಮನೆಯ ಒಳಗಿನಿಂದ ಅತ್ತಿಗೆ ನಗುವುದೂ ಕೇಳಿಸುತ್ತಿತ್ತು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಅಣ್ಣ ಕಾಣೆಯಾಗಿ ಬಂದವನಲ್ಲವೆ, ಅವನ ಅಂಕಿ ಧಾವಿಸಿ ಏರಿತು; ತಮ್ಮ ಸಂಜೆ ಗೆದ್ದು ಏರಿದ್ದನ್ನು ಮಧ್ಯಾಹ್ನ ಸೋತು ಇಳಿಸಿಕೊಳ್ಳುತ್ತಿದ್ದ. ಏರುತ್ತ ಏರುತ್ತ ಒಂದು ದಿನ ತಮ್ಮನ ಅಂಕಿಯನ್ನೂ ದಾಟಿತು. ಅವತ್ತಿನಿಂದ ಉಪದೇಶ ಶುರುವಾಯಿತು. “ನೀನು ಗಮನ ಕೊಡಲ್ಲ ಕಣೋ. ಕೈ ಗಟ್ಟಿ ಇದ್ರೆ ಸಾಲದು, ತಲೆ ಬೇಕು. ನನ್ನ ನೋಡು, ಕೈ ಹಾಳಾದ್ರೂ ನಿನಗಿಂತ ಮೇಲಿದೀನಿ.” ಅವನು ಹ್ಞೂಂಗುಟ್ಟುತ್ತಿದ್ದ. ಒಳಗೆ ಮಾತ್ರ ಏನೋ ಒಂದು ಹೆಡೆಯೆತ್ತಿ, ಹೇಳಿಬಿಡಲೇ, ಇವನ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡಲೇ ಎಂದು ಕುದಿಯುತ್ತಿತ್ತು. ನಡುಗುವ ಕೈಯ ಅಣ್ಣನ ಮೇಲೆ ಹೊಟ್ಟೆಕಿಚ್ಚು! ಛೆ, ನಾನೂ ಒಬ್ಬ ಮನುಷ್ಯನೇ ಎಂದು ಮನೆಗೆ ಹೋಗುವ ದಾರಿಯಲ್ಲಿ ಉಗುಳಿಕೊಳ್ಳುತ್ತಿದ್ದ. ಅಂಕಿ ಏರಿದ ಹಾಗೆ ಅಣ್ಣ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ, ತಲೆ ಮಂಕಾಗುತ್ತದೆ ಎಂಬ ನೆಪ ಹೇಳಿ. ಆಗ ಅತ್ತಿಗೆ ಮೈದುನನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿಕೊಂಡು ಕೇಳಿದ್ದಳು: “ನೀನು ಜೊತೇಲೇ ಆಡ್ತೀಯಲ್ಲ, ನಿಜ ಹೇಳು. ಕೈ ಸುಧಾರಿಸಿದೆಯಾ?” ಅವಳ ಕೈಯಲ್ಲಿ ಒರೆಸುವ ಬಟ್ಟೆ ಇತ್ತು, ಅದನ್ನು ಹಿಂಡುತ್ತಲೇ ಇದ್ದಳು. “ಗುರಿ ಚೆನ್ನಾಗಿದೆ ಅತ್ತಿಗೆ,” ಅಂದಿದ್ದ. ಅಷ್ಟು ಸಲೀಸಾಗಿ ಬಂದಿತ್ತು ಬಾಯಲ್ಲಿ.

ಇವತ್ತು ಊಟದ ಡಬ್ಬಿ ತೆರೆಯಲಿಲ್ಲ. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸೋಲುವ ಅಗತ್ಯವೇ ಇನ್ನಿಲ್ಲ, ಅಣ್ಣ ಮುಟ್ಟಬೇಕಾದ್ದನ್ನು ಮುಟ್ಟಿಯಾಯಿತು. ಇವತ್ತಾದರೂ ಮನುಷ್ಯನಂತೆ ಆಡೋಣ ಅಂದುಕೊಂಡ. ಜೊತೆಗೆ ಬಿದ್ದವರಲ್ಲಿ ಒಬ್ಬಳ ಅಡ್ಡಹೆಸರು ಸೊಳ್ಳೆಬತ್ತಿ. ಅವಳ ದನಿಯ ಹಿಂದೆ ಎಲ್ಲೋ ನಲ್ಲಿ ಸೋರುವ ಸದ್ದು. “ಹೊಸಬ್ರಾ?” ಎಂದು ಕೇಳಿದಳು. “ಹೆದರ್ಕೋಬೇಡಿ, ನನ್ನ ಹಿಂದೇನೇ ಬನ್ನಿ. ಇದೊಂದು ಗೆದ್ರೆ ನಾನು ಮೇಲಿನ ಮಟ್ಟಕ್ಕೆ ಹೋಗ್ತೀನಿ. ಈ ವರ್ಷ ಪೂರ್ತಿ ಇಲ್ಲೇ ಬಿದ್ದಿದೀನಿ ನೋಡಿ, ನಮ್ಮ ಮನೆಯವರೆಲ್ಲ ನಗ್ತಾರೆ.” ಅವನು ಅವಳ ಹಿಂದೆ ಹೊರಟ. ಇವಳಿಗೆ ಗೆಲ್ಲಿಸಿಕೊಡುತ್ತೇನೆ, ಇಷ್ಟು ದಿನ ಕೆಡಿಸಿದ್ದಕ್ಕೆಲ್ಲ ಇದೊಂದು ಎಂದು ನಿಶ್ಚಯಿಸಿದ. ಹಾಗೇ ಆಡಿದ. ಬಿಗಿದಿದ್ದ ಭುಜ ಸಡಿಲಾಯಿತು, ಬೆರಳುಗಳು ಹಾಡಿಕೊಂಡು ಓಡಿದವು. “ಅಬ್ಬಾ, ಯಾರು ನೀವು!” ಎಂದು ಸೊಳ್ಳೆಬತ್ತಿ ಚಪ್ಪಾಳೆ ತಟ್ಟಿದಳು. ಕೊನೆಗೆ ಜೊತೆಯವರೆಲ್ಲ ಬಿದ್ದು ಈ ಕಡೆ ಅವನೊಬ್ಬ, ಆ ಕಡೆ ಒಬ್ಬ ಉಳಿದರು. ಆ ಇನ್ನೊಬ್ಬ ಬೆನ್ನು ತಿರುಗಿಸಿ ನಿಂತಿದ್ದ. ಗುರಿ ಅವನ ಕತ್ತಿನ ಮೇಲೆ ಕೂತಿತ್ತು. ಕಣ್ಣು ಮುಚ್ಚಿ ಹೊಡೆದರೂ ತಪ್ಪುವಂತಿರಲಿಲ್ಲ. ಅಷ್ಟರಲ್ಲಿ ಬೆರಳು, ಅವನನ್ನು ಕೇಳದೆಯೇ, ಕೂದಲೆಳೆಯಷ್ಟು ಆಚೆ ಸರಿಯಿತು. ಗುಂಡು ಗೋಡೆಗೆ ತಾಗಿತು. ತಿರುಗಿ ನಿಂತವನು ಅವನನ್ನು ಮುಗಿಸಿದ.

“ಅಯ್ಯೋ! ಪರವಾಗಿಲ್ಲ ಬಿಡಿ,” ಅಂದಳು ಸೊಳ್ಳೆಬತ್ತಿ. “ಎಲ್ರಿಗೂ ಒಂದೊಂದ್ಸಲ ಕೈ ತಪ್ಪತ್ತೆ.” ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಹೆಡ್‌ಫೋನು ಕಿತ್ತೆಸೆದು ತೊಟ್ಟಿಯ ಬಳಿ ಬಗ್ಗಿ ನಿಂತ. ನಲ್ಲಿ ತಿರುಗಿಸಿದ. ತೊಟ್ಟಿಯ ತಳದಲ್ಲಿ ಯಾರಯಾರದೋ ಬಾಯಿಯ ಅಳತೆಯ ಗುಲಾಬಿ ತುಣುಕುಗಳು ಅಂಟಿಕೊಂಡಿದ್ದವು. ತಪ್ಪಿದ್ದಲ್ಲ ಅದು, ತಪ್ಪಿಸಿದ್ದು. ತಪ್ಪಿಸಿದ್ದು ಯಾರಿಗಾಗಿ ಎಂದು ಹೇಳಿಕೊಳ್ಳಲು ಇವತ್ತು ಅಣ್ಣನ ಹೆಸರೂ ಇರಲಿಲ್ಲ. ಸೋಪು ಹಚ್ಚಿ ಹಚ್ಚಿ ಕೈ ಉಜ್ಜಿದ. ಈ ಕೈಯನ್ನು ಮೊಣಕೈಯವರೆಗೆ ಬಿಚ್ಚಿ ಇಲ್ಲೇ ಬಿಟ್ಟುಹೋಗುವಂತಿದ್ದರೆ ಎಂದು ಆಸೆಯಾಯಿತು. ಸಂಜೆ ಹೇಳಿಬಿಡಬೇಕು. ಕತ್ತಿ ಹಿಡಿಯುವ ಮೊದಲೇ, ಬಾಗಿಲಲ್ಲೇ ನಿಂತು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದ.

ಬಾಗಿಲಲ್ಲಿ ಅತ್ತಿಗೆ ಇದ್ದಳು. “ನಿನ್ನ ಮಾತು ಕೇಳ್ಕೊಂಡೇ ಕೊಟ್ಟೆ ನೋಡಪ್ಪ,” ಎಂದು ಮೆಲ್ಲಗೆ ಅಂದಳು, ನಗಲೋ ಬೇಡವೋ ಎಂಬ ಮುಖದಲ್ಲಿ. ಬಾಯಿಪಾಠ ಮಾಡಿದ್ದನ್ನು ನುಂಗಿಕೊಂಡು ಚಪ್ಪಲಿ ಬಿಟ್ಟ. ಒಳಗೆ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಪ್ಪನ ಕಾಲದ ಕನ್ನಡಿಯನ್ನು ಒರೆಸಿ, ಕುರ್ಚಿಯ ಹಿಡಿಗಳಿಗೆಲ್ಲ ಎಣ್ಣೆ ಹಾಕಿಟ್ಟಿದ್ದ. “ಬನ್ನಿ ಸ್ವಾಮಿ, ಕೂತ್ಕೊಳ್ಳಿ. ಕಟಿಂಗಾ, ಶೇವಿಂಗಾ?” ಎಂದು ದೊಡ್ಡ ದನಿಯಲ್ಲಿ ಕೇಳಿ ತಾನೇ ನಕ್ಕ. ಅವನು ಕೂತ. ಬಿಳಿ ಬಟ್ಟೆ ಕತ್ತಿನ ಸುತ್ತ ಬಂತು. ಬ್ರಷ್ಷು ಬೆಚ್ಚಗೆ ಕೆನ್ನೆ ಸುತ್ತಿತು, ನೊರೆಯ ವಾಸನೆಯಲ್ಲಿ ಅಪ್ಪನ ಅಂಗೈ ನೆನಪಾಯಿತು. ಕತ್ತಿ ಕಿವಿಯ ಪಕ್ಕದಿಂದ ಶುರುವಾಗಿ ಚರಚರ ಎಂದು ಇಳಿಯಿತು. ನಡುಗಲಿಲ್ಲ. ಎಷ್ಟು ಚೆಂದ ಓಡುತ್ತಿತ್ತು ಅದು! ನಿಜವಾಗಿಯೂ ಸರಿಹೋಗಿದೆಯೇನೋ, ನನ್ನದೆಲ್ಲ ಬರೀ ಸಂಶಯ, ಹೇಳದಿದ್ದದ್ದೇ ಒಳ್ಳೆಯದಾಯಿತು ಎಂದು ಅವನ ಮನಸ್ಸು ಆತುರಾತುರವಾಗಿ ನಂಬತೊಡಗಿತು. ಎಡಗೆನ್ನೆ ಮುಗಿಯಿತು. ಬಲಗೆನ್ನೆ ಮುಗಿಯಿತು. “ಗಲ್ಲ ಎತ್ತು,” ಅಂದ ಅಣ್ಣ. ಎತ್ತಿದ. ಕತ್ತಿ ಗಂಟಲಿನ ಗಂಟಿನ ಮೇಲೆ ಬಂದಾಗ ಅಣ್ಣನಿಗೆ ಏನೋ ನೆನಪಾಗಿ, “ನಿನ್ನೆ ಆ ಕೊನೇ ಗುಂಡು ಹೊಡೆದೆನಲ್ಲ...” ಎಂದು ಶುರುಮಾಡಿದ. ಮಾತಿಗೆ ಕೈ ನಿಂತಿತು. ನಿಂತ ಕೂಡಲೇ ಅಲಗು ಚರ್ಮದ ಮೇಲೆ ಸಣ್ಣಗೆ ನಡುಗಿದ್ದು ಅವನಿಗೆ ಕನ್ನಡಿಯಲ್ಲಿ ಕಾಣುವುದಕ್ಕಿಂತ ಮೊದಲೇ ಗೊತ್ತಾಯಿತು. ಉಸಿರನ್ನು ಎಳೆದು ಹಿಡಿದ. ಆಮೇಲೆ ಚುರ್ ಎಂದಿತು. ನೊರೆಯ ಬಿಳುಪಿನಲ್ಲಿ ಒಂದು ಕೆಂಪು ಗೆರೆ ಮೆಲ್ಲಗೆ ಅಗಲವಾಯಿತು.

“ಅಲ್ಲಾಡಿದೆಯಲ್ಲೋ!” ಎಂದು ಅಣ್ಣ ಗದರಿದ. ಕನ್ನಡಿಯಲ್ಲಿ ಅವನ ಕಣ್ಣು ತಮ್ಮನ ಕಣ್ಣನ್ನು ಹುಡುಕುತ್ತಿತ್ತು. ಆ ಕಣ್ಣಿನಲ್ಲಿ ಗದರಿಕೆ ಎಳ್ಳಷ್ಟೂ ಇರಲಿಲ್ಲ.

ಅವನು ರೆಪ್ಪೆ ಕೂಡ ಅಲ್ಲಾಡಿಸಿರಲಿಲ್ಲ. “ಹ್ಞೂಂ ಅಣ್ಣ,” ಅಂದ. “ನಾನೇ ಅಲ್ಲಾಡಿದೆ.”

“ಗಡ್ಡ ಬಂದು ಇಷ್ಟು ವರ್ಷವಾಯ್ತು, ಇನ್ನೂ ಮಗು ಹಾಗೆ ಆಡ್ತೀಯ,” ಎಂದು ಅಣ್ಣ ಪಟಿಕದ ತುಂಡು ಒತ್ತಿದ. ಉರಿಯಿತು. ಬಾಗಿಲಲ್ಲಿ ನಿಂತ ಅತ್ತಿಗೆ ಯಾರ ಮುಖವನ್ನೂ ನೋಡಲಿಲ್ಲ. ಮತ್ತೊಮ್ಮೆ ಸೋತುಕೊಟ್ಟೆ, ಎಷ್ಟು ಸಲೀಸು, ಎಷ್ಟು ಅಭ್ಯಾಸವಾಗಿಹೋಗಿದೆ ಎಂದು ಅವನು ಟವೆಲಿನಲ್ಲಿ ಮುಖ ಹುದುಗಿಸಿಕೊಂಡ. ಟವೆಲು ತೆಗೆಯುವ ಹೊತ್ತಿಗೆ ಹೊಸ್ತಿಲಲ್ಲಿ ಪೋಸ್ಟ್‌ಮಾಸ್ಟರರು ನಿಂತಿದ್ದರು.

“ನನ್ನ ಹಲ್ಲು ಆಯ್ತೇನಪ್ಪಾ?” ಬರಿಬಾಯಿಯಿಂದ ಗಾಳಿ ಸೋರಿ ಮಾತು ಅರ್ಧಂಬರ್ಧ ಕೇಳಿಸಿತು.

“ಇನ್ನೊಂದು ವಾರ ಸಾರ್.”

“ಅದು ಬಿಡಿ ಸಾರ್, ನೀವು ಬನ್ನಿ. ಬ್ಲೇಡು ಬಂದಿದೆ!” ಎಂದು ಅಣ್ಣ ಕುರ್ಚಿ ತಟ್ಟಿದ.

“ಅಂತೂ ಬಂತಾ! ಯಾವ ದೇಶದಿಂದ ತರಿಸಿದ್ಯಯ್ಯಾ, ಇಷ್ಟು ತಿಂಗಳು?” ಎಂದು ಮುದುಕರು ಖುಷಿಯಾಗಿ ಕೂತು, ಕಣ್ಣುಮುಚ್ಚಿ, ಗಲ್ಲ ಎತ್ತಿಕೊಟ್ಟರು. ಅಣ್ಣ ನೊರೆ ಹಚ್ಚಿದ. ಕುರ್ಚಿ ಬಿಟ್ಟುಕೊಟ್ಟ ತಮ್ಮ ಗೋಡೆಗೊರಗಿ ನಿಂತು ನೋಡುತ್ತಿದ್ದ. ಆ ಬಾಯಿ ಅವನಿಗೆ ಅಂಗೈಯಷ್ಟು ಪರಿಚಯ. ಎಲ್ಲಿ ಒಸಡು ಇಳಿದಿದೆ, ಎಲ್ಲಿ ಕೆನ್ನೆ ಗುಳಿಬಿದ್ದು ಮಡಿಕೆಯಾಗಿದೆ, ಎಲ್ಲ ಗೊತ್ತು. ಹಲ್ಲಿಲ್ಲದ ಕೆನ್ನೆಯಲ್ಲಿ ಕತ್ತಿ ಓಡುವಂತಿಲ್ಲ. ಪ್ರತಿ ಮಡಿಕೆಗೂ ನಿಲ್ಲಬೇಕು, ಬೆರಳಿನಿಂದ ಎಳೆದು ಹಿಡಿಯಬೇಕು, ಮತ್ತೆ ಹೊರಡಬೇಕು. ಕತ್ತಿನ ಸಡಿಲ ಚರ್ಮವಂತೂ ಹೇಳುವುದೇ ಬೇಡ. ಅಣ್ಣ ಎಡಗೈಯಲ್ಲಿ ಕೆನ್ನೆ ಎಳೆದ. ಬಲಗೈಯ ಕತ್ತಿ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಅಲಗಿನ ಮೇಲೆ ಬಲ್ಬಿನ ಬೆಳಕು ಗಡಗಡ ನಡುಗಿತು.

“ಅಣ್ಣಾ, ಗೆದ್ದಿದ್ದೆಲ್ಲ ನಾನು.”

ಹೇಳಿದ ಮೇಲೆ ಅವನಿಗೆ ತನ್ನ ದನಿ ಕೇಳಿಸಿತು. ಮುದುಕರ ಕತ್ತು ಉಳಿಸಲು ಬಂದ ಮಾತು ಹೌದು. ಆದರೆ ಅದರೊಳಗೆ ಎಷ್ಟೋ ದಿನದಿಂದ ಕಾದು ಕೂತಿದ್ದ ಒಂದು ಚಪಲವೂ ಇತ್ತು. ‘ನಾನು’ ಎನ್ನುವಾಗ ನಾಲಿಗೆ ಅದನ್ನು ಚಪ್ಪರಿಸಿದ್ದು ಅವನಿಗೆ ಗೊತ್ತಾಯಿತು. ಥೂ, ಇದನ್ನೂ ಶುದ್ಧವಾಗಿ ಹೇಳಲಾಗಲಿಲ್ಲವಲ್ಲ ಎಂದು ಮೈಯೆಲ್ಲ ಹೇಸಿಕೊಂಡಿತು.

“ಏನಂದೆ?” ಅಣ್ಣ ತಿರುಗಲಿಲ್ಲ. ಕನ್ನಡಿಯಲ್ಲೇ ನೋಡಿದ.

“ಅರೆಜೀವ ಮಾಡಿ ನಿನ್ನೆದುರು ತಂದು ಬಿಡ್ತಿದ್ದೆ. ನೀನು ಕೊನೇ ಗುಂಡು ಹೊಡೀತಿದ್ದೆ, ಅಷ್ಟೇ. ಕೈ ಸರಿಹೋಗಿಲ್ಲ ಅಣ್ಣ. ಈಗಲೂ ನಾನು ಅಲ್ಲಾಡಲಿಲ್ಲ.”

“ನಿನಗಿಂತ ಮೇಲೆ ಹೋಗಿದ್ದೆನಲ್ಲೋ ನಾನು?”

“ನಾನೇ ಕೆಳಗೆ ಬಂದಿದ್ದೆ. ಮಧ್ಯಾಹ್ನ ಹೊತ್ತು ಬೇಕಂತ ಸೋತು ಸೋತು. ನಿನ್ನ ಜೊತೆ ಆಡೋಕೆ ಬಿಡಲಿ ಅಂತ.”

ಅತ್ತಿಗೆ ಎರಡನೇ ಕುರ್ಚಿಯಲ್ಲಿ, ಹಳೇ ಪತ್ರಿಕೆಗಳ ಮೇಲೇ ಕುಸಿದು ಕೂತಳು. ಅಣ್ಣ ತನ್ನ ಬಲಗೈಯನ್ನು ನೋಡಿಕೊಂಡ, ಯಾರದೋ ವಸ್ತು ತನ್ನ ಬಳಿ ಉಳಿದುಹೋಗಿದೆ ಎಂಬಂತೆ. ಕತ್ತಿ ಈಗ ಮುಚ್ಚುಮರೆಯಿಲ್ಲದೆ ನಡುಗುತ್ತಿತ್ತು.

“ಗೆದ್ದಿದ್ದೂ ನೀನೇ, ಸೋತಿದ್ದೂ ನೀನೇ,” ಅಂದ ಅಣ್ಣ ಮೆಲ್ಲಗೆ. “ಮತ್ತೆ ಇಷ್ಟು ದಿನ ನಾನೇನು ಆಡ್ತಿದ್ದೆ?”

ಪೋಸ್ಟ್‌ಮಾಸ್ಟರರು ಕಣ್ಣು ತೆರೆದು, “ಏನ್ರಯ್ಯಾ ಅಣ್ಣ ತಮ್ಮ ಪಂಚಾಯ್ತಿ, ನೊರೆ ಒಣಗ್ತಾ ಇದೆ,” ಅಂದರು.

ಅಣ್ಣ ಅವನ ಕಡೆ ತಿರುಗಿದ. ಕತ್ತಿಯನ್ನು ಅಂಗೈಯಲ್ಲಿ ಹೊರಳಿಸಿ, ಅಲಗನ್ನು ತನ್ನ ಕಡೆಗೂ ಹಿಡಿಯನ್ನು ತಮ್ಮನ ಕಡೆಗೂ ಮಾಡಿ ಚಾಚಿದ.

“ತಗೋ. ಇದನ್ನೂ ನೀನೇ ಮಾಡು.”

ಬೇಡ ಅಣ್ಣ, ಇದು ಬೇಡ ಎಂಬ ಮಾತು ಅವನ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವನ ಬಲಗೈ ಮುಂದೆ ಹೋಗಿ ಹಿಡಿಯನ್ನು ಹಿಡಿದುಕೊಂಡಾಗಿತ್ತು. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ.